ಗಟ್ಟಿಗಿತ್ತಿಯ ಸೊಂಟ

ಬೀದಿಯವರೆಲ್ಲ ಅವಳನ್ನು ಗಟ್ಟಿಗಿತ್ತಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದೆದುರೇ. ಅವಳಿಗೂ ಅದು ಹಿತವಾಗಿಯೇ ಇತ್ತು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯನ್ನು ಇಪ್ಪತ್ತೆರಡು ವರ್ಷ ಒಬ್ಬಳೇ ನಡೆಸಿದವಳು. ಮಷೀನು ಕೆಟ್ಟರೆ ತಾನೇ ಬಿಚ್ಚಿ ತಾನೇ ಜೋಡಿಸುವಳು. ಇಬ್ಬರು ಗಂಡಸರು ಹಿಡಿಯಬೇಕಾದ ಗಂಟನ್ನು ಉಸಿರೆತ್ತದೆ ಒಂದೇ ಹೆಗಲಿಗೆ ಏರಿಸುವಳು. ಒಂದು ಕೈ ಕೊಡಲೇ ಎಂದು ಯಾರಾದರೂ ಮುಂದೆ ಬಂದರೆ, ಕೈ ಕೊಡ್ತೀನಿ ಅನ್ನೋರೆಲ್ಲ ಕೊನೆಗೆ ಕೈ ಕೊಡೋರೇ ಎಂದು ಅವರನ್ನು ದೂರ ನಿಲ್ಲಿಸುವಳು.

ಹಾಗೆಂದು ದೇವರನ್ನು ನಂಬದವಳಲ್ಲ. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. ಆದರೆ ಆ ಪ್ರಾರ್ಥನೆಯ ಧಾಟಿಯೇ ಬೇರೆ.

"ನನ್ನ ಬಗ್ಗೆ ತಲೆ ಕೆಡಿಸ್ಕೋಬೇಡಪ್ಪ, ನಂದು ನಾನು ನೋಡ್ಕೋತೀನಿ. ಪಾಪ, ಕೈಲಾಗದೋರು ಎಷ್ಟೋ ಜನ ಇದ್ದಾರೆ. ಅವರ ಕಡೆ ಗಮನ ಕೊಡು."

ಇದು ತಾನು ದೇವರಿಗೆ ಮಾಡುತ್ತಿರುವ ಉಪಕಾರ ಎಂದೇ ಅವಳು ತಿಳಿದಿದ್ದಳು.

ಎದುರುಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಇದಕ್ಕೆ ತದ್ವಿರುದ್ಧ. ಸೂಜಿಗೆ ದಾರ ಪೋಣಿಸುವುದಕ್ಕೂ ದೇವರನ್ನು ಕರೆಯುವವಳು. ದೇವರು ಬರುವುದು ತಡವಾದರೆ ದಾರಿಯಲ್ಲಿ ಹೋಗುವವರನ್ನು ಕರೆಯುವವಳು. ಮೂರು ವರ್ಷದ ಹಿಂದೆ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ನಮ್ಮಕ್ಕ ದೇವರಿಗೂ ರಜೆ ಕೊಟ್ಟು ಕಳಿಸಿಬಿಟ್ಟಿದ್ದಾಳೆ ಎಂದು ಹೇಳಿ ಪಂಕ್ತಿಯನ್ನೇ ನಗಿಸಿದ್ದಳು. ಆವತ್ತಿನಿಂದ ಗಟ್ಟಿಗಿತ್ತಿ ಅವಳೊಡನೆ ಮಾತು ಬಿಟ್ಟಳು. ಎದುರಿಗೆ ಸಿಕ್ಕರೆ ಆಕಾಶ ನೋಡುತ್ತಿದ್ದಳು.

ಒಂದು ಮಂಗಳವಾರ ನರ್ಸಿಂಗ್ ಹೋಮಿನಿಂದ ನಲವತ್ತು ಬೆಡ್‌ಶೀಟುಗಳು ಬಂದಿದ್ದವು. ಮಧ್ಯಾಹ್ನ ಎರಡಕ್ಕೆ ಹಿರಿಯ ನರ್ಸು ಬರುವುದರೊಳಗೆ ಇಸ್ತ್ರಿಯಾಗಿರಬೇಕಿತ್ತು. ಒಗೆದು ಒಣಗಿಸಿದ ಗಂಟು ನೆಲದ ಮೇಲಿತ್ತು. ಗಟ್ಟಿಗಿತ್ತಿ ಎಂದಿನಂತೆ ಬಗ್ಗಿ, ಹಲ್ಲು ಕಚ್ಚಿ, ಒಂದೇ ಎಳೆತಕ್ಕೆ ಎತ್ತಿದಳು. ಸೊಂಟದಲ್ಲಿ ಏನೋ ಚಳಕ್ ಎಂದಿತು. ಗಂಟು ನೆಲಕ್ಕೆ ಬಿತ್ತು. ಅವಳು ಮಾತ್ರ ಬಗ್ಗಿದವಳು ಬಗ್ಗಿದಂತೆಯೇ ಉಳಿದಳು.

ಮೇಲೇಳಲು ನೋಡಿದಳು; ಕಣ್ಣು ಕತ್ತಲೆ ಬಂತು. ಕೂರಲು ನೋಡಿದಳು, ಅದೂ ಆಗಲಿಲ್ಲ. ಫೋನು ಮೇಲಿನ ಹಲಗೆಯ ಮೇಲಿತ್ತು. ಗಂಡ ಎರಡು ಬೀದಿಯಾಚೆ ಗಡಿಯಾರ ರಿಪೇರಿ ಮಾಡುತ್ತ ಕೂತಿದ್ದ. ಮಂಡಿಗಳ ಮೇಲೆ ಕೈಯೂರಿ ನಿಂತವಳಿಗೆ ಕಾಣುತ್ತಿದ್ದುದು ನೆಲವೊಂದೇ.

ಅಷ್ಟರಲ್ಲಿ ಹೊಳೆಯುವ ಕರಿ ಬೂಟುಗಳು ಒಳಗೆ ಬಂದವು. ನಿವೃತ್ತ ಮೇಷ್ಟ್ರು. ಏನಮ್ಮ ಹುಡುಕ್ತಿದ್ದೀಯ ಎಂದು ಕೇಳಿದರು. ನಿಜ ಹೇಳಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಟ್ಟಿಗಿತ್ತಿಯ ಬಾಯಿಂದ ನಿಜ ಹೊರಡಲಿಲ್ಲ. ಗಿರಾಕಿಯ ಅಂಗಿಯ ಗುಂಡಿಯೊಂದು ಬಿದ್ದುಹೋಗಿದೆ ಎಂದುಬಿಟ್ಟಳು. ಮೇಷ್ಟ್ರು ತಡಮಾಡಲಿಲ್ಲ. ಕನ್ನಡಕ ಏರಿಸಿ, ಮಂಡಿಯೂರಿ, ಮಷೀನಿನ ಅಡಿ, ಮೇಜಿನ ಅಡಿ, ಅವಳ ಕಾಲಿನ ಸುತ್ತಮುತ್ತ ತಡಕಾಡತೊಡಗಿದರು. ಬಣ್ಣ ಯಾವುದೆಂದು ಕೇಳಿದರು. ನೀಲಿ ಎಂದಳು. ತೂತು ಎರಡೋ ನಾಲ್ಕೋ ಎಂದು ಕೇಳಿದರು. ನಾಲ್ಕು ಎಂದಳು. ಕಾಲು ಗಂಟೆ ನೆಲ ಸವರಿ, ಮಂಡಿ ಕೊಡವಿಕೊಂಡು, ಇದಕ್ಕೊಂದು ದಾರಿ ಮಾಡ್ತೀನಿ ಇರು ಎಂದು ಹೊರಟುಹೋದರು.

ಆಮೇಲೆ ಬ್ರೆಡ್ಡು ಮಾರುವವನ ಹಳೇ ಚಪ್ಪಲಿಗಳು ಹೊಸ್ತಿಲಿಗೆ ಬಂದು ಗಕ್ಕನೆ ನಿಂತವು. ತಲೆ ತಗ್ಗಿಸಿ ಅಲ್ಲಾಡದೆ ನಿಂತವಳನ್ನು ಕಂಡು, ಪಾಪ, ದೇವರ ಧ್ಯಾನದಲ್ಲಿದ್ದಾರೆ ಎಂದು ತನ್ನಷ್ಟಕ್ಕೇ ಗೊಣಗಿ, ತುದಿಗಾಲಲ್ಲಿ ಹಿಂದೆ ಸರಿದು, ಬಾಗಿಲನ್ನೂ ಮೆಲ್ಲಗೆ ಎಳೆದುಕೊಂಡು ಹೋದ.

ದೇವರ ನೆನಪು ಬಂದದ್ದು ಆಗಲೇ. ಮೊದಲು ಚೌಕಾಸಿ ಮಾಡಿದಳು. ಬರೀ ಐದು ನಿಮಿಷ ನೆಟ್ಟಗೆ ನಿಲ್ಲಿಸು ಸಾಕು, ಮಿಕ್ಕದ್ದು ನನಗೆ ಬಿಡು ಎಂದಳು. ಏನೂ ಆಗಲಿಲ್ಲ. ಎರಡು ನಿಮಿಷಕ್ಕೆ ಇಳಿದಳು. ಜಪ್ಪಯ್ಯ ಎಂದರೂ ಸೊಂಟ ಕದಲಲಿಲ್ಲ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ಬೆವರಿನ ಜೊತೆ ಕಣ್ಣೀರೂ ಇತ್ತು; ಯಾರೂ ಇಲ್ಲದ್ದರಿಂದ ಅದನ್ನು ಒಪ್ಪಿಕೊಂಡಳು.

"ಆಯ್ತು," ಎಂದಳು ನೆಲ ನೋಡುತ್ತ. "ನನ್ನ ಕೈಲಿ ಆಗಲ್ಲ. ಇವತ್ತು ಅಂತ ಅಲ್ಲ, ಬಹಳ ದಿನದಿಂದ ಆಗ್ತಿರಲಿಲ್ಲ. ನೀನೇ ಯಾರನ್ನಾದ್ರೂ ಕಳಿಸು."

ಹೇಳಿ ಮುಗಿಸಿದಾಗ ನೋವು ಕಡಿಮೆಯಾಗಿರಲಿಲ್ಲ. ಎದೆಯೊಳಗೆ ಮಾತ್ರ ಏನೋ ಸಡಿಲಾಗಿತ್ತು.

ಬಾಗಿಲು ತೆರೆಯಿತು. ಒಳಬಂದದ್ದು ಹಳದಿ ಚಪ್ಪಲಿಗಳು. ಎಡಗಾಲಿನದರ ಪಟ್ಟಿಗೆ ಕೆಂಪು ದಾರದ ಹೊಲಿಗೆ. ಬೀದಿಯಲ್ಲಿ ಚಪ್ಪಲಿಯನ್ನೂ ಸೂಜಿದಾರದಲ್ಲಿ ಹೊಲಿದುಕೊಳ್ಳುವವಳು ಒಬ್ಬಳೇ. ಗಟ್ಟಿಗಿತ್ತಿ ಕಣ್ಣು ಮುಚ್ಚಿ, ಬೇರೆ ಯಾರೂ ಸಿಗಲಿಲ್ವಾ ನಿನಗೆ ಎಂದು ದೇವರನ್ನು ಕೇಳಿದಳು.

ವಾರಗಿತ್ತಿಯ ಕೈಯಲ್ಲಿ ಗುಂಡಿ ಡಬ್ಬಿ ಗಲಗಲ ಎನ್ನುತ್ತಿತ್ತು. ಮೇಷ್ಟ್ರು ನೆಟ್ಟಗೆ ಅವಳ ಅಂಗಡಿಗೆ ಹೋಗಿ ಗಟ್ಟಿಗಿತ್ತಿಯ ಕಷ್ಟವನ್ನು ವಿವರಿಸಿದ್ದರು. ಮೂರು ವರ್ಷದಲ್ಲಿ ಅಕ್ಕನ ಅಂಗಡಿಗೆ ಕಾಲಿಡಲು ಸಿಕ್ಕ ಮೊದಲ ನೆಪವನ್ನು ಅವಳು ಬಿಟ್ಟಾಳೆಯೇ? ನೀಲಿದು, ನಾಲ್ಕು ತೂತಿಂದು, ಹನ್ನೊಂದು ಇವೆ, ಯಾವುದು ಬೇಕೋ ನೋಡು ಎಂದು ಡಬ್ಬಿಯನ್ನು ಅವಳ ಮೂಗಿನ ಕೆಳಗೆ ಹಿಡಿದಳು.

"ಕಳೆದಿರೋದು ಗುಂಡಿ ಅಲ್ಲ ಕಣೇ," ಎಂದಳು ಗಟ್ಟಿಗಿತ್ತಿ. "ಸೊಂಟ."

ವಾರಗಿತ್ತಿ ಕೂಡಲೆ ನಗಲಿಲ್ಲ. ಮೊದಲು ಅವಳನ್ನು ತಬ್ಬಿ ಹಿಡಿದು, ಅಂಗುಲ ಅಂಗುಲವಾಗಿ ಬೆಡ್‌ಶೀಟಿನ ಗಂಟಿನ ಮೇಲೆ ಮಲಗಿಸಿದಳು. ಭಾವನವರಿಗೆ ಫೋನು ಮಾಡಿದಳು, ಡಾಕ್ಟರಿಗೆ ಹೇಳಿ ಕಳಿಸಿದಳು. ಅದೆಲ್ಲ ಆದ ಮೇಲೆ ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಮೈ ಕುಲುಕಾಡುವಷ್ಟು ನಕ್ಕಳು. ಗಟ್ಟಿಗಿತ್ತಿಗೂ ನಗು ಬಂತು. ನಕ್ಕರೆ ಸೊಂಟ ಹಿಡಿಯುತ್ತಿತ್ತು, ಆದರೂ ನಕ್ಕಳು.

ಡಾಕ್ಟರು ಬಂದು ನೋವಿಗೆ ಸೂಜಿ ಚುಚ್ಚಿ, ಮೂರು ವಾರ ಒಂದು ಕರವಸ್ತ್ರವನ್ನೂ ಎತ್ತಕೂಡದು ಎಂದರು. ಗಂಡ ಅವಳನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿದ. ಇಸ್ತ್ರಿ ಪೆಟ್ಟಿಗೆ ವಾರಗಿತ್ತಿಯ ಕೈಗೆ ಬಂತು. ಮಡಿಸಲು ಗಂಡ ಮತ್ತು ಗುಂಡಿ ಸಿಕ್ಕಿತೇ ಎಂದು ನೋಡಲು ಮರಳಿ ಬಂದ ಮೇಷ್ಟ್ರು ನಿಂತರು. ಗಡಿಯಾರದವನು ಒಂದು ಮಡಿಕೆಗೆ ಎರಡು ನಿಮಿಷ ಅಳೆಯುತ್ತಿದ್ದ. ಮೇಷ್ಟ್ರು ತಪ್ಪಿದವರಿಗೆಲ್ಲ ಮೊದಲಿನಿಂದ ಮಾಡಿ ಎನ್ನುತ್ತಿದ್ದರು. ಮೂಲೆಗೆ ಮೂಲೆ ಸೇರುತ್ತಿರಲಿಲ್ಲ. ಗಟ್ಟಿಗಿತ್ತಿ ಚಾವಣಿ ನೋಡುತ್ತ ಬಾಯಿಗೆ ಬೀಗ ಹಾಕಿಕೊಂಡಳು. ಆ ನಲವತ್ತು ಶೀಟಿನ ಗಂಟನ್ನು ಎತ್ತಿದ್ದಕ್ಕಿಂತ ಇದೇ ಭಾರವಾಗಿತ್ತು. ಸುಟ್ಟ ವಾಸನೆ ಬಂದಾಗ ಮಾತ್ರ ತಡೆಯಲಾಗದೆ, ದೇವರೇ, ನೀನೇ ನೋಡ್ಕೋ ಎಂದಳು. ಜೀವಮಾನದಲ್ಲೇ ಅವಳು ಆ ಮಾತನ್ನು ಮನಸ್ಸಿಟ್ಟು ಹೇಳಿದ್ದು ಅದೇ ಮೊದಲು.

ಎರಡು ಗಂಟೆಗೆ ಹಿರಿಯ ನರ್ಸು ಬಂದಳು. ನೊಣವೂ ಹೆದರಿ ದೂರ ಹಾರುವಂಥ ಹೆಂಗಸು. ಸೊಟ್ಟ ಮಡಿಕೆಗಳನ್ನು ನೋಡಿದಳು. ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲೇ ಕಂದಿದ್ದ ಶೀಟನ್ನು ಬೆಳಕಿಗೆ ಹಿಡಿದು ನೋಡಿದಳು. ಬೆಂಚಿನ ಮೇಲಿದ್ದವಳನ್ನೂ ನೋಡಿದಳು. ಹೇಗೂ ಮೇಲೆ ರೋಗಿ ಮಲಗ್ತಾನೆ, ಯಾರಿಗೆ ಕಾಣುತ್ತೆ ಎಂದಳು. ಬಾಗಿ, ಗಟ್ಟಿಗಿತ್ತಿಯ ಬೆನ್ನ ಕೆಳಗಿನ ದಿಂಬನ್ನು ಸರಿಪಡಿಸಿ, ಶೀಟುಗಳನ್ನು ಹೊರಿಸಿಕೊಂಡು ಹೋದಳು.

ಗಟ್ಟಿಗಿತ್ತಿ ಸಿದ್ಧಳಾಗಿದ್ದದ್ದು ಬೈಗುಳಕ್ಕೆ. ವಾರಗಿತ್ತಿ ಚಹಾ ಮಾಡಿ ತಂದು, ಚಮಚದಲ್ಲಿ ಕುಡಿಸತೊಡಗಿದಳು. ಸಕ್ಕರೆ ಸುರಿದು ಪಾನಕ ಮಾಡಿಟ್ಟಿದ್ದಳು. ಗಟ್ಟಿಗಿತ್ತಿ ಪೂರ್ತಿ ಕುಡಿದಳು.

"ಇನ್ನೂ ಸ್ವಲ್ಪ ಹಾಕಲಾ ಅಕ್ಕ?"

"ಹಾಕು," ಎಂದಳು.