ಬಾಗಿಲಿನಿಂದ ಕಂಡ ಕೋಣೆ

ಕಿಟಕಿ ತೆರೆಯಲು ಚಾಚಿದ ಬೆರಳುಗಳು ಗೋಡೆಗೆ ತಗಲಿ ಮಡಿಚಿಕೊಂಡವು.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಮತ್ತೆ ಮುಟ್ಟಿದ. ಕಂಬಿಗಳಿರಬೇಕಾದ ಕಡೆ ಬಿಗಿಯಾಗಿ ಎಳೆದು ಮೊಳೆ ಹೊಡೆದ ಬಟ್ಟೆ. ಬಟ್ಟೆಯ ಮೇಲೆ ಬಣ್ಣ. ಕಂಬಿಗಳಾಚೆ ಎದುರುಮನೆಯ ತಾರಸಿ, ತಾರಸಿಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿಗೆ ಒರಗಿದ ಮರ. ಬಟ್ಟೆಯ ಹಿಂದೆ ಸಿಮೆಂಟು ಗೋಡೆ ತಣ್ಣಗಿತ್ತು.

"ಹೇಗಿದೆ?"

ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಭುಜದ ಹಿಂದಿನಿಂದ ಅಮ್ಮ ಇಣುಕುತ್ತಿದ್ದಳು.

"ಚೆನ್ನಾಗಿದೆ," ಅಂದ ಅವನು.

"ಚೆನ್ನಾಗಿದೆಯಂತೆ," ಎಂದು ಅಪ್ಪ ಅಮ್ಮನಿಗೆ ತಿಳಿಸಿದ, ಅವಳೇನೋ ಪಕ್ಕದೂರಿನಲ್ಲಿದ್ದಂತೆ.

ಅಪ್ಪ ನಾಟಕ ಕಂಪನಿಯಲ್ಲಿ ರಂಗಸಜ್ಜಿಕೆ ಮಾಡುವವನು. ಮೀಸೆ ಚಿಗುರುವ ಮೊದಲೇ ಕುಂಚ ಹಿಡಿದವನು. ಹಲಗೆ, ಬಟ್ಟೆ, ಅಂಟು, ಬಣ್ಣ ಕೊಟ್ಟರೆ ಸಾಕು. ಕಾಡು ಅಂದರೆ ಕಾಡು, ಸೆರೆಮನೆ ಅಂದರೆ ಸೆರೆಮನೆ. ಅಮ್ಮ ಅದೇ ಕಂಪನಿಗೆ ಉಡುಪು ಹೊಲಿಯುತ್ತಾಳೆ. ಮೂವರೂ ಇದ್ದದ್ದು ರಂಗಮಂದಿರದ ಹಿಂಬದಿಯ ಮನೆಯಲ್ಲಿ. ಅವನು ವಿಶ್ವವಿದ್ಯಾಲಯ ಸೇರಿ ಹಾಸ್ಟೆಲಿಗೆ ಹೋದ ಮೇಲೆ ಆ ಕಟ್ಟಡವನ್ನು ಕೆಡವಿದರು. ಅಪ್ಪ ಅಮ್ಮ ಈ ಮೂರನೇ ಮಹಡಿಗೆ ಬಂದರು. ನಡುವೆ ರಜೆ ಸಿಕ್ಕಾಗ ಅಮ್ಮ ಫೋನಿನಲ್ಲಿ, "ಈಗ ಬರಬೇಡ ಮರಿ, ಇಲ್ಲಿ ಇನ್ನೂ ಏನೂ ಸರಿಹೋಗಿಲ್ಲ," ಅಂದಿದ್ದಳು. ಸರಿಹೋದದ್ದು ಏನೆಂದು ಇವತ್ತು ಬೆಳಿಗ್ಗೆ ಚೀಲ ಕೆಳಗಿಟ್ಟ ಮೇಲೆ ಗೊತ್ತಾಯಿತು. ಅವನ ಹಳೆಯ ಕೋಣೆಯನ್ನು ಅಪ್ಪ ಇಲ್ಲಿ ಇದ್ದ ಹಾಗೇ ಕಟ್ಟಿ ನಿಲ್ಲಿಸಿದ್ದ.

"ಕಂಪನಿ ಕೆಲಸ ಮುಗಿಸಿ ಬಂದು ದಿನಾ ಇದೇ," ಅಂದಳು ಅಮ್ಮ. "ಊಟಕ್ಕೆ ಕರೆದ್ರೂ ಬರ್ತಿರಲಿಲ್ಲ."

"ಒಂದು ಗೆರೆ ಆಚೀಚೆ ಆಗಿಲ್ಲ. ಬೇಕಾದ್ರೆ ನೋಡ್ಕೊ," ಅಂದ ಅಪ್ಪ.

ಅವನು ನೋಡಿಕೊಂಡ. ಮಂಚ ಹಳೆಯದೇ. ಮೇಜು ಹಳೆಯದೇ. ಕಪಾಟಿನಲ್ಲಿ ಅವನ ಪುಸ್ತಕಗಳೆಲ್ಲ ಸಾಲಾಗಿದ್ದವು. ಹಾಸ್ಟೆಲಿಗೆ ಒಯ್ದಿದ್ದವು ಕೂಡ. ಒಂದನ್ನು ಎಳೆದ. ಇಡೀ ಸಾಲು ಕೈಗೆ ಬಂತು. ಒಂದೇ ಹಲಗೆಯ ಮೇಲೆ ಬರೆದ ಪುಸ್ತಕದ ಬೆನ್ನುಗಳು.

"ಅದನ್ನ ಮುಟ್ಟಬೇಡ," ಅಂದಳು ಅಮ್ಮ. "ಅಂಟು ಸರಿಯಾಗಿ ಹಿಡಿದಿಲ್ಲ."

ಅವನು ಹಲಗೆಯನ್ನು ವಾಪಸು ಇಟ್ಟ. ಅದು ಸುಲಭವಾಗಿ ತನ್ನ ಜಾಗಕ್ಕೆ ಕೂತಿತು.

ಅವನು ಒಂದು ಮಾತನ್ನು ಹೊತ್ತು ಬಂದಿದ್ದ. ರೈಲಿನಲ್ಲಿ ಅದನ್ನು ಹಲವು ಬಗೆಯಲ್ಲಿ ಹೇಳಿ ನೋಡಿಕೊಂಡಿದ್ದ. ನಾನು ವಾಪಸು ಹೋಗುವುದಿಲ್ಲ, ಇಲ್ಲೇ ಇರುತ್ತೇನೆ. ಅಷ್ಟೇ. ಎರಡನೇ ವರ್ಷಕ್ಕೆ ಹಾಸ್ಟೆಲಿನಲ್ಲಿ ಕೋಣೆ ಬೇಕೋ ಬೇಡವೋ ಎಂದು ಇವತ್ತು ಸಂಜೆಯೊಳಗೆ ಫೋನ್ ಮಾಡಿ ತಿಳಿಸಬೇಕು ಎಂದು ವಾರ್ಡನ್ ಹೇಳಿದ್ದರು. ಕಾಯುವವರು ಬೇಕಾದಷ್ಟು ಜನ ಇದ್ದಾರಂತೆ. ಅವರಿಗೆಲ್ಲ ಅಲ್ಲಿ ಅಂಥದ್ದೇನು ಕಾಣಿಸುತ್ತದೆ ಎಂದು ಅವನಿಗೆ ತಿಳಿಯಲಿಲ್ಲ.

ವಿಶ್ವವಿದ್ಯಾಲಯ ಅವನನ್ನು ಪಾಸು ಮಾಡಿತ್ತು. ಅದಕ್ಕೆ ಬೇರೇನು ಮಾಡಬೇಕೆಂದು ತೋಚಿರಲಿಲ್ಲವೇನೋ. ಅಲ್ಲಿ ಯಾರೂ ಅವನನ್ನು ಬೈದಿರಲಿಲ್ಲ, ಗೇಲಿ ಮಾಡಿರಲಿಲ್ಲ. ಹಾಗಾಗಿದ್ದರೆ ದೂರಲು ಒಂದು ಹೆಸರಾದರೂ ಸಿಗುತ್ತಿತ್ತು. ಯಾರೂ ಏನೂ ಮಾಡಲಿಲ್ಲ. ರಜೆಯಲ್ಲಿ ಹುಡುಗರೆಲ್ಲ ಮನೆಗಳಿಗೆ ಹೋದಾಗ ಆ ಉದ್ದದ ಹಾಸ್ಟೆಲಿನಲ್ಲಿ ಅವನೊಬ್ಬನೇ ಉಳಿದ. ಒಂದು ದಿನ ಬಚ್ಚಲಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದ. ಕೆಮ್ಮಿದವನು ತಾನೇ ಎಂದು ತಿಳಿಯುವುದಕ್ಕೆ ತುಸು ಹೊತ್ತು ಹಿಡಿಯಿತು.

ಅಲ್ಲಿ ಅವನಿಗೆ ನಿದ್ದೆ ಬರಿಸುತ್ತಿದ್ದದ್ದು ಈ ಕೋಣೆಯೇ. ಕಣ್ಣು ಮುಚ್ಚಿ ಮಂಚದ ಮೇಲೆ ತಲೆಯಿಟ್ಟಂತೆ ನೆನೆದುಕೊಳ್ಳುತ್ತಿದ್ದ. ಮೊದಲು ಚಾವಣಿಯ ಒದ್ದೆ ಕಲೆ. ಆಮೇಲೆ ಕಪಾಟಿನ ತಳ, ಅಲ್ಲಿ ಅಂಟಿದ್ದ ಜೇಡರ ಬಲೆ. ಬಾಗಿಲ ಹಿಂದೆ ನೇತುಹಾಕಿದ ಅಂಗಿ. ಬಾಗಿಲ ಕೆಳಗಿನ ಸಂದಿಯಲ್ಲಿ ನಡುಮನೆಯ ಬೆಳಕು, ಆ ಬೆಳಕಿನಲ್ಲಿ ಅಡ್ಡಾಡುವ ಅಮ್ಮನ ಪಾದಗಳ ನೆರಳು. ಅಷ್ಟು ಹೊತ್ತಿಗೆ ನಿದ್ದೆ ಬರುತ್ತಿತ್ತು. ಮನೆ ಅಂದರೆ ಅವನಿಗೆ ಅದು, ಬೇರೆ ಏನೂ ಅಲ್ಲ.

"ಮಲಕ್ಕೋ ಸ್ವಲ್ಪ. ಪ್ರಯಾಣ ಮಾಡಿ ಬಂದಿದೀಯ," ಎಂದು ಅಮ್ಮ ಬಾಗಿಲು ಎಳೆದುಕೊಂಡು ಹೋದಳು.

ಮಲಗಿದ. ಗೋಡೆಗಳು ತಲೆಯ ಕಡೆಗೆ ಹತ್ತಿರವಾಗುತ್ತ ಬಂದಿದ್ದವು. ಕಪಾಟು ಒಂದು ಪಕ್ಕಕ್ಕೆ ವಾಲಿತ್ತು. ಕಿಟಕಿಯಲ್ಲಿನ ಮರ ಇಲ್ಲಿಂದ ಉದ್ದುದ್ದ ಎಳೆದ ಹಸಿರು ಬಳಿತ ಮಾತ್ರ. ಚಾವಣಿಯಲ್ಲಿ ಕಲೆ ಇರಲಿಲ್ಲ. ಕಪಾಟಿನ ತಳಕ್ಕೆ ಬಣ್ಣವೇ ಇರಲಿಲ್ಲ. ಬಾಗಿಲ ಹಿಂಬದಿ ಬೋಳು. ಮಂಚದ ಮೇಲೆ ಮಲಗಿದವನಿಗೆ ಕಾಣುವ ಒಂದಾದರೂ ವಸ್ತುವನ್ನು ಅಪ್ಪ ಮಾಡಿರಲಿಲ್ಲ.

ಎದ್ದು ಬಾಗಿಲಿಗೆ ಹೋಗಿ ಹೊಸಿಲ ಆಚೆ ನಿಂತು ನೋಡಿದ. ಕೋಣೆ ಕೊಂಚ ನೆಟ್ಟಗಾಯಿತು. ಅವನು ಅಪ್ಪನಿಗಿಂತ ಎತ್ತರ. ಮೊಣಕಾಲು ತುಸು ಮಡಿಸಿ ಅಪ್ಪನ ಎತ್ತರಕ್ಕೆ ಇಳಿದ. ಗೋಡೆಗಳು ದೂರ ಸರಿದವು. ಕಪಾಟು ನೇರ ನಿಂತಿತು. ಕಿಟಕಿಯಲ್ಲಿ ಮರ ಮರವಾಯಿತು. ಅದು ಹಳೆಯ ಕೋಣೆಯೇ, ಅದರಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ.

ಅಪ್ಪ ಇಷ್ಟು ವರ್ಷವೂ ಅವನ ಕೋಣೆಯನ್ನು ಹೊಸಿಲಿನಿಂದಷ್ಟೇ ನೋಡಿದ್ದ. ಮಗ ಓದುವವನು, ತೊಂದರೆ ಕೊಡಬಾರದು. ಏನಾದರೂ ಕೇಳಬೇಕಿದ್ದರೂ ಬಾಗಿಲಿಗೆ ಬಂದು, ನಿಂತು, ಕೇಳದೆ ಹೋಗಿಬಿಡುತ್ತಿದ್ದ. ನಾಟಕದವನ ಅಭ್ಯಾಸ ಬೇರೆ: ನೋಡುವವನು ಎಲ್ಲಿ ಕೂರುತ್ತಾನೋ ಅಲ್ಲಿಗೆ ಸರಿಯಾಗಿ ಕಾಣುವಂತೆ ಕಟ್ಟುವುದು, ಮಿಕ್ಕದ್ದನ್ನು ಬಿಡುವುದು. ಅಪ್ಪ ಎಂದಿನಂತೆ ಕೆಲಸ ಮಾಡಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವೂ ಸಿಗಲಿಲ್ಲ.

ಊಟಕ್ಕೆ ಕೂತಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಅಲ್ಲಿ ಎಲ್ಲಾ ಅನುಕೂಲವಾಗಿದೆಯಲ್ಲ?" ಅಂದ ಅಪ್ಪ.

"ಹೂಂ."

"ಸ್ನೇಹಿತರು?"

"ಇದಾರೆ."

"ಕರ್ಕೊಂಡು ಬಾ ಒಂದ್ಸಲ," ಅಂದಳು ಅಮ್ಮ. "ನಿನ್ನ ಕೋಣೆ ನೋಡ್ಲಿ."

ಅವನು ಒಂದು ಲೋಟ ನೀರು ಪೂರ್ತಿ ಕುಡಿದ. ಮಾತು ನೀರಿನ ಜೊತೆ ಇಳಿದುಹೋಯಿತು.

ಮಧ್ಯಾಹ್ನ ಕಸದ ಬುಟ್ಟಿ ಹಿಡಿದು ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ನರ್ಸ್ ಎದುರಾದರು. ಕೆಲಸ ಮುಗಿಸಿ ಬಂದ ಆಯಾಸದ ಮುಖ.

"ಯಾರ ಮನೆಗೆ ಬಂದಿರೋದಪ್ಪಾ?"

"ಮೇಲೆ, ಮೂರನೇ ಮಹಡಿ. ನಾನು ಅವರ ಮಗ."

ಆಕೆ ಮೆಟ್ಟಿಲ ಕಂಬಿ ಹಿಡಿದುಕೊಂಡರು. "ಅವರಿಗೆ ಇನ್ನೊಬ್ಬ ಮಗ ಇದ್ದಾನಾ?"

"ಇಲ್ಲ. ನಾನೊಬ್ಬನೇ."

ನರ್ಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ತಪ್ಪು ತಿಳ್ಕೋಬೇಡ. ನಿಮ್ಮಮ್ಮ ಒಂದಿನ ಕೋಣೆ ತೋರಿಸಿದ್ರು. ದಿನಾ ಧೂಳು ಒರೆಸ್ತಾರೆ, ಹಾಸಿಗೆ ಝಾಡಿಸ್ತಾರೆ. ಮಲಗೋರು ಮಾತ್ರ ಯಾರೂ ಇಲ್ಲ. ಎಷ್ಟೋ ತಿಂಗಳಾಯ್ತು, ಯಾರೂ ಬರಲಿಲ್ಲ. ನಾನು ಅಂದ್ಕೊಂಡೆ... ನಮ್ಮ ಕೆಲಸದಲ್ಲಿ ಅಂಥ ಕೋಣೆಗಳನ್ನ ನೋಡಿರ್ತೀವಿ. ಅದಕ್ಕೇ ಬಾಯಿಬಿಟ್ಟು ಕೇಳಕ್ಕೆ ಹೋಗ್ಲಿಲ್ಲ."

"ಪರವಾಗಿಲ್ಲ."

"ಆಯಸ್ಸು ಗಟ್ಟಿ ನಿಂದು," ಎಂದು ಆಕೆ ನಕ್ಕು ಅವನ ಮಣಿಕಟ್ಟು ಹಿಡಿದರು. ಅಭ್ಯಾಸ ಬಲದಿಂದಲೋ ಏನೋ, ಬೆರಳು ನಾಡಿಯ ಮೇಲೇ ಕೂತಿತ್ತು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದರು.

ಅವನೂ ನಕ್ಕ. ಕೆಳಗೆ ಕಸ ಸುರಿದು ಬುಟ್ಟಿ ಹಿಡಿದುಕೊಂಡು ಬೀದಿಯಲ್ಲಿ ನಿಂತ. ತಲೆಯೆತ್ತಿ ಮೂರನೇ ಮಹಡಿಯನ್ನು ನೋಡಿದ. ತನ್ನ ಕೋಣೆಯಿರುವ ಕಡೆ ಕಿಟಕಿಯಿಲ್ಲದ ಗೋಡೆ. ಭಯವಾಯಿತು. ತಾನು ನಿಜಕ್ಕೂ ಸತ್ತಿದ್ದು, ಇದನ್ನು ತನಗೆ ಹೇಳುವ ಧೈರ್ಯ ಯಾರಿಗೂ ಬರದೆ ಎಲ್ಲರೂ ಸೌಜನ್ಯದಿಂದ ನಡೆದುಕೊಳ್ಳುತ್ತಿದ್ದಾರೆಯೇ ಅನ್ನಿಸಿತು. ಹಾಸ್ಟೆಲಿನಲ್ಲೂ ಹಾಗೇ ಅನ್ನಿಸುತ್ತಿತ್ತು. ಅಲ್ಲಿ ಸೌಜನ್ಯ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸಂಜೆ ಮಹಾರಾಜರು ಬಂದರು. ಕಂಪನಿಯ ಹಳೆಯ ನಟ. ಯಾವ ನಾಟಕವಿರಲಿ, ರಾಜನ ಪಾತ್ರ ಅವರದೇ. ಹೊರಗೆ ಬಸ್ಸಿನಲ್ಲಿ ಜೋತುಬಿದ್ದು ಓಡಾಡುವವರು. ಕೋಣೆ ನೋಡಲೆಂದೇ ಅಪ್ಪ ಕರೆದಿದ್ದ.

ಹೊಸಿಲಲ್ಲಿ ನಿಂತು ಮಹಾರಾಜರು ಬಹಳ ಹೊತ್ತು ನೋಡಿದರು. "ಎಲ್ಲಾ ಇದೆ ಕಣಯ್ಯಾ. ಆದ್ರೂ ಏನೋ ಕಮ್ಮಿ," ಅಂದರು. "ಹುಡುಗನ್ನ ಕೂರಿಸು."

"ಕೂತ್ಕೋ ಮರಿ," ಅಂದಳು ಅಮ್ಮ. "ಓದೋ ಹಾಗೆ."

ಅವನು ಮೇಜಿನ ಮುಂದೆ ಕೂತ, ಬಾಗಿಲಿಗೆ ಬೆನ್ನು ಹಾಕಿ. ನೋಟಕ್ಕೆ ಸರಿಹೋಗಲೆಂದು ಅಪ್ಪ ಮೇಜಿನ ಎರಡು ಕಾಲುಗಳನ್ನು ಗಿಡ್ಡ ಮಾಡಿದ್ದ. ಪುಸ್ತಕ ಜಾರತೊಡಗಿತು. ಮೊಣಕೈಯಿಂದ ತಡೆದು ಹಿಡಿದ.

"ಬೆನ್ನು ಬಗ್ಗಿಸು. ನೀನು ಹಾಗೆ ಕೂರ್ತಿರಲಿಲ್ಲ," ಅಂದ ಅಪ್ಪ.

ಬಗ್ಗಿಸಿದ.

"ತಲೆ ಇನ್ನೂ ಸ್ವಲ್ಪ."

ತಗ್ಗಿಸಿದ. ಹಿಂದೆ ಮೂವರು ಉಸಿರಾಡುತ್ತಿರುವುದು ಕೇಳಿಸುತ್ತಿತ್ತು. ಅಮ್ಮ ಮೂಗು ಒರೆಸಿಕೊಂಡಳು. ಅವಳು ಸುಖದಿಂದ ಅಳುತ್ತಿದ್ದಳು. ಇಷ್ಟು ದಿನ ಧೂಳು ಒರೆಸಿ ಅವಳು ಕಾದದ್ದು ಈ ಬೆನ್ನಿಗಾಗಿ ಎಂದು ಅವನಿಗೆ ತಿಳಿಯಿತು. ಅವನಿಗೂ ಅಳು ಬಂತು. ಬಾಗಿಲಿನಿಂದ ಅದು ಕಾಣುವಂತಿರಲಿಲ್ಲ.

"ಈಗ ತುಂಬಿತು ನೋಡು," ಎಂದರು ಮಹಾರಾಜರು, ರಾಜಠೀವಿಯಿಂದ.

ಅವರನ್ನು ಬೀದಿಯವರೆಗೆ ಬಿಟ್ಟುಬರಲು ಅಮ್ಮ ಕೆಳಗಿಳಿದಳು. ಅಪ್ಪ ಹೊಸಿಲಲ್ಲೇ ಉಳಿದ. ಸಂಜೆ ಮುಗಿಯುತ್ತ ಬಂದಿತ್ತು, ವಾರ್ಡನ್‌ಗೆ ಇನ್ನೂ ಫೋನ್ ಮಾಡಿರಲಿಲ್ಲ. ಈಗ ಹೇಳದಿದ್ದರೆ ತನ್ನಿಂದ ಆಗುವುದಿಲ್ಲ ಎಂದುಕೊಂಡು ಅವನು ಕುರ್ಚಿಯಲ್ಲಿ ತಿರುಗಿದ.

"ಅಪ್ಪ."

"ಹಾಂ."

"ನಾನು ವಾಪಸ್ ಹೋಗಲ್ಲ."

"ಎಲ್ಲಿಗೆ?"

"ಯೂನಿವರ್ಸಿಟಿಗೆ. ನಂಗೆ ಅಲ್ಲಿ ಇರಕ್ಕಾಗಲ್ಲ. ಇಲ್ಲೇ ಇರ್ತೀನಿ. ಏನಾದ್ರೂ ಕೆಲಸ ಹುಡುಕ್ಕೋತೀನಿ."

ಅಪ್ಪನ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಬೇಸರವೂ ಕಾಣಲಿಲ್ಲ. ಪ್ರದರ್ಶನದ ನಡುವೆ ಏನೋ ಮುರಿದ ಸದ್ದು ಕೇಳಿದವನಂತೆ ಅವನು ಗೋಡೆಗಳ ಕಡೆ ಕಣ್ಣು ಹಾಯಿಸಿದ.

"ಇಲ್ಲಿ ಅಂದ್ರೆ, ಈ ಕೋಣೇಲಾ?"

"ಹೂಂ."

"ಎಷ್ಟು ದಿನ?"

"ಎಷ್ಟು ದಿನ ಅಂತಲ್ಲ ಅಪ್ಪ. ಇಲ್ಲೇ."

ಅಪ್ಪ ಬಾಗಿಲ ಪಕ್ಕದ ಹಲಗೆಗೆ ಅಂಗೈ ಒತ್ತಿದ. ಹಲಗೆ ನಡುಗಿತು, ಅದರ ಜೊತೆ ಗೋಡೆ ಇಷ್ಟಿಷ್ಟೇ ನಡುಗಿತು.

"ಇದು ಇರೋಕೆ ಅಂತ ಮಾಡಿದ್ದಲ್ಲ ಮರಿ," ಅಂದ. ದನಿ ತೀರಾ ಮೆತ್ತಗಿತ್ತು. "ಸಣ್ಣ ಮೊಳೆ ಹೊಡೆದಿದೀನಿ. ನೀನು ಬರ್ತೀಯ, ನಾಲ್ಕು ದಿನ ಇದ್ದು ಹೋಗ್ತೀಯ, ಅಷ್ಟಕ್ಕೆ ತಡೀತದೆ. ಮಿಕ್ಕ ದಿನ ಅಮ್ಮ ನೋಡ್ಕೊಂಡಿರ್ತಾಳೆ. ದಿನಾ ಯಾರಾದ್ರೂ ಓಡಾಡಿದ್ರೆ ಇದು ನಿಲ್ಲಲ್ಲ."

"ನಾನು ಹುಷಾರಾಗಿ ಇರ್ತೀನಿ."

"ಹುಷಾರಿನ ಮಾತಲ್ಲ."

ಅಪ್ಪನಿಗೂ ಹೇಳಬೇಕಾದದ್ದು ಏನೋ ಇತ್ತು. ಒಳಗೆ ಬಾ ಅಪ್ಪ, ಒಂದು ಸಲ ಬಂದು ಈ ಮಂಚದ ಮೇಲೆ ಕೂತು ನೋಡು ಅನ್ನಬೇಕೆನ್ನಿಸಿತು ಅವನಿಗೆ. ಅಪ್ಪ ಕೈ ಎತ್ತಿದ. ಒಳಗೆ ಬರುತ್ತಾನೆ, ಆ ಕೈಯನ್ನು ತನ್ನ ತಲೆಯ ಮೇಲೆ ಇಡುತ್ತಾನೆ ಎಂದು ಅವನು ಕಾದ.

ಕೈ ಗಾಳಿಯಲ್ಲೇ ನಿಂತಿತು. ಅಳತೆ ನೋಡುವವನಂತೆ ಅಪ್ಪ ಒಂದು ಕಣ್ಣು ಮುಚ್ಚಿದ್ದ.

"ನಿನ್ನ ಹಿಂದೆ ಬಟ್ಟೆ ಎಲ್ಲೋ ಬಿಟ್ಟುಕೊಂಡ ಹಾಗಿದೆ," ಅಂದ. "ಸ್ವಲ್ಪ ಎಡಕ್ಕೆ ಜರುಗು, ನೋಡೋಣ."

ಅವನು ಕುರ್ಚಿಯ ಸಮೇತ ಜರುಗಿದ.

"ಇನ್ನೂ ಸ್ವಲ್ಪ."

ಜರುಗಿದ. ಭುಜ ಕಪಾಟಿಗೆ ತಗಲಿತು. ಅಪ್ಪನ ಅಂಗೈ ಇನ್ನೂ ಎಡಕ್ಕೆ ಎನ್ನುತ್ತಲೇ ಇತ್ತು. ಅವನು ಎದ್ದ. ಕಪಾಟಿನ ಪಕ್ಕದಲ್ಲಿ ಹಲಗೆ ಮುಗಿದು ಒಬ್ಬ ಮನುಷ್ಯ ಹಿಡಿಸುವಷ್ಟು ಸಂದಿಯಿತ್ತು. ಅದರೊಳಗೆ ಹೋಗಿ ನಿಂತ. ಅಲ್ಲಿ ಬಣ್ಣವಿರಲಿಲ್ಲ. ಆಸರೆ ಕೊಟ್ಟ ಹಸಿಮರದ ಪಟ್ಟಿಗಳು, ಮೂಗಿಗೆ ಅಡರುವ ಅಂಟಿನ ವಾಸನೆ, ಎದೆಗೆ ಒತ್ತುವ ಸಿಮೆಂಟು. ಬಾಗಿಲು ಕಾಣುತ್ತಿರಲಿಲ್ಲ.

"ಹಾಂ," ಎಂಬ ಅಪ್ಪನ ದನಿ ಕೇಳಿಸಿತು. "ಸಾಕು. ಈಗ ಸರಿಯಾಗಿ ಕಾಣ್ತಿದೆ."

ಮೆಟ್ಟಿಲು ಹತ್ತಿ ಬಂದ ಅಮ್ಮನ ಹೆಜ್ಜೆಗಳು ಹೊಸಿಲ ಬಳಿ ನಿಂತವು. ಮಗ ಎಲ್ಲಿ ಎಂದು ಅವಳು ಕೇಳಲಿಲ್ಲ. ಇಬ್ಬರೂ ಒಟ್ಟಿಗೆ ನಿಂತು ಕೋಣೆಯನ್ನು ನೋಡುತ್ತಿದ್ದರು.

ಹಲಗೆ ಅಲ್ಲಾಡೀತೆಂದು ಅವನು ಕದಲಲಿಲ್ಲ.