ಬೆಸೆದ ಪಾತ್ರೆ ವಿಮಾನ ಹತ್ತಲಿಲ್ಲ

ಬೆಳಗಿನ ವಿಮಾನಕ್ಕೆಂದು ಹೋದ ಯಜಮಾನರು ಮಧ್ಯಾಹ್ನದ ಹೊತ್ತಿಗೆ ಮನೆಗೆ ಮರಳಿದರು. ಹೆಗಲಲ್ಲಿ ಅದೇ ಚೀಲ, ಪಕ್ಕದಲ್ಲಿ ಅದೇ ದೊಡ್ಡ ಪೆಟ್ಟಿಗೆ, ಎದೆಗವಚಿಕೊಂಡ ಅದೇ ತಾಮ್ರದ ಪಾತ್ರೆ. ಪಾತ್ರೆಯೊಳಗೆ ಅವರ ಹೆಂಡತಿಯ ಚಿತಾಭಸ್ಮ.

ಬಾಗಿಲು ತೆಗೆದ ಸೊಸೆ ಪಾತ್ರೆಯನ್ನೇ ನೋಡಿದಳು. "ಏನಾಯ್ತು ಮಾವ? ವಿಮಾನ ಹೋಗಲಿಲ್ವಾ?"

"ವಿಮಾನ ಹೋಯ್ತಮ್ಮ. ನಾವಿಬ್ಬರೂ ಉಳ್ಕೊಂಡ್ವಿ," ಎಂದು ಪಾತ್ರೆಯನ್ನು ಮೇಜಿನ ಮೇಲಿಟ್ಟರು.

ನಲವತ್ತು ವರ್ಷ ತಾಮ್ರ ಬಡಿದ ಕೈ ಅವರದು. ಕೆಳಗೆ ಅಂಗಡಿ, ಮೇಲೆ ಮನೆ. ಅವರು ಬೆಸೆದ ಪಾತ್ರೆಯಿಂದ ಹನಿ ಸೋರಿದ್ದನ್ನು ಕಂಡವರಿಲ್ಲ. ಮಾತಿನಲ್ಲೂ ಅಷ್ಟೇ ಬಿಗಿ. ಯಾರನ್ನೂ ಏನನ್ನೂ ಕೇಳುವವರಲ್ಲ. "ಬಾಯಿಗೂ ಬೆಸುಗೆ ಹಾಕ್ಕೊಂಡಿದ್ದೀರಾ?" ಎಂದು ಹೆಂಡತಿ ರೇಗಿಸುತ್ತಿದ್ದರು. ಆಕೆ ಕಣ್ಣು ಮುಚ್ಚುವ ಮುಂಚೆ ಕೇಳಿದ್ದು ಒಂದೇ. "ನನ್ನನ್ನ ಅಕ್ಕನ ಹತ್ರ ಕರ್ಕೊಂಡು ಹೋಗಿ. ಒಂದು ಸಲ ಅವಳ ಕೈಗೆ ಕೊಟ್ಟು, ಆಮೇಲೆ ಸಮುದ್ರಕ್ಕೆ ಬಿಡಿ."

ಅಕ್ಕ ಇದ್ದದ್ದು ದೂರದ ಕಡಲ ತೀರದಲ್ಲಿ, ಹಾಸಿಗೆ ಹಿಡಿದು. ಸಾವಿನ ಸುದ್ದಿ ಗೊತ್ತಿದ್ದೂ "ತಂಗಿ ಯಾವತ್ತು ಬರ್ತಾಳೆ?" ಎಂದು ದಿನವೂ ಫೋನಿನಲ್ಲಿ ಕೇಳುತ್ತಿದ್ದರು.

ಅದಕ್ಕೆಂದೇ ಯಜಮಾನರು ದಪ್ಪ ತಗಡು ಬಡಿದು ಪಾತ್ರೆ ಮಾಡಿದರು. ದಾರಿಯಲ್ಲಿ ಒಂದು ಚಿಟಿಕೆಯೂ ಚೆಲ್ಲಬಾರದೆಂದು ಮುಚ್ಚಳವನ್ನು ಸುತ್ತಲೂ ಬೆಸೆದರು. ತೀರದಲ್ಲಿ ಆ ಬೆಸುಗೆ ಬಿಡಿಸಲು ಒಂದು ಉಳಿ, ಒಂದು ಸುತ್ತಿಗೆ ಕೈಚೀಲಕ್ಕೆ ಸೇರಿದವು.

ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳಿಗೆ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಕೆಲಸ. ಎರಡು ದಿನದ ಹಿಂದೆ ಮೆಟ್ಟಿಲ ಮೇಲೆ ಕೇಳಿದ್ದಳು. "ದೊಡ್ಡಪ್ಪ, ಯಾವ ಪಾತ್ರೆಯಲ್ಲಿ ತಗೊಂಡು ಹೋಗ್ತೀರಾ? ವಿಮಾನದೋರನ್ನ ಕೇಳಿದ್ರಾ?"

"ನನಗೇ ಪಾತ್ರೆ ವಿಷಯ ಹೇಳೋಕೆ ಬಂದ್ಯಾ?" ಎಂದು ಅವರು ಅಂಗಡಿಗಿಳಿದಿದ್ದರು. ಅವಳೂ ಸುಮ್ಮನಾಗಿದ್ದಳು.

ಸಂಜೆ ಕೆಲಸ ಮುಗಿಸಿ ಬಂದವಳು ವಿಷಯ ತಿಳಿದು, ಬೂಟು ಕಳಚಿ ನೇರ ಅವರ ಮನೆಗೇ ಬಂದಳು.

"ನಿಮ್ಮೋರು ಅವಳನ್ನ ಬಾಂಬಿನ ಹಾಗೆ ನೋಡಿದ್ರು," ಎಂದರು ಯಜಮಾನರು. "ಇದು ನನ್ನ ಹೆಂಡತಿ ಅಂದೆ. ಒಳಗೆ ಕಾಣಿಸ್ತಿಲ್ಲ ಅಂದ್ರು. ಕಾಣಿಸೋಕೆ ಅವಳೇನು ಸಿನಿಮಾನಾ?"

ಹೆಣ್ಣುಮಗಳು ನಗಲಿಲ್ಲ. "ದೊಡ್ಡಪ್ಪ, ಚೀಲ ಎಲ್ಲಾ ಎಕ್ಸ್‌ರೇ ಕೆಳಗೆ ಹೋಗುತ್ತೆ. ದಪ್ಪ ತಾಮ್ರ ಅದಕ್ಕೆ ಬರೀ ಕಪ್ಪು ಮುದ್ದೆ. ಒಳಗಿರೋದು ನಿಮಗೆ ಗೊತ್ತು, ಪರದೆ ಮುಂದೆ ಕೂತೋರಿಗೆ ಗೊತ್ತಾಗಲ್ಲ. ಬಿಚ್ಚಿ ನೋಡೋಕೂ ಅವರಿಗೆ ಮನಸ್ಸು ಬರಲ್ಲ. ಜೊತೆಗೆ ಉಳಿ, ಸುತ್ತಿಗೆ ಬೇರೆ!"

"ಕಳ್ಳನ ಹಾಗೆ ನಿಲ್ಲಿಸಿದ್ರು."

"ಕಾಗದ ತೋರಿಸಿದ್ರಾ? ಮರಣದ ಪ್ರಮಾಣಪತ್ರ, ದಹನದ ಚೀಟಿ?"

ಯಜಮಾನರು ತಲೆ ತಗ್ಗಿಸಿದರು. ಕಾಗದಗಳು ವಿಮಾನದವರಿಗೆ ಮೊದಲೇ ಒಪ್ಪಿಸಿದ ದೊಡ್ಡ ಪೆಟ್ಟಿಗೆಯ ತಳದಲ್ಲಿದ್ದವು. ಅದನ್ನು ಹಿಂದಕ್ಕೆ ತರಿಸುವಷ್ಟರಲ್ಲಿ ವಿಮಾನ ಹೊರಟಿತ್ತು.

"ನಾಳೆ ಬೆಳಿಗ್ಗೆ ಇನ್ನೊಂದು ವಿಮಾನ ಇದೆ," ಎಂದಳು ಹೆಣ್ಣುಮಗಳು. "ತೆಳು ಮರದ್ದೋ ಪ್ಲಾಸ್ಟಿಕ್ಕಿಂದೋ ಡಬ್ಬಿ ಇದ್ರೆ ಸಾಕು. ಆದರೆ ಇದನ್ನ ತೆಗೀಬೇಕು."

ಸೊಸೆ ಒಳಹೋಗಿ ಅತ್ತೆಯ ಹೊಲಿಗೆ ಡಬ್ಬಿ ತಂದಳು. ತೆಳ್ಳನೆಯ ಮರ, ಅಂಟು ಹಾಕಿದ ಮೂಲೆಗಳು, ಒಂದೂ ಮೊಳೆ ಇಲ್ಲ. ಸೂಜಿ, ದಾರದುಂಡೆ, ಗುಂಡಿಗಳನ್ನು ಒಂದೊಂದಾಗಿ ತೆಗೆದು ಬದಿಗಿಟ್ಟಳು. ಒಳಗೆ ಬಿಳಿಯ ಹತ್ತಿಬಟ್ಟೆ ಹಾಸಿದಳು.

ಯಜಮಾನರು ಉಳಿ ಹಿಡಿದರು. ತಮ್ಮ ಕೈಯಿಂದ ಆದ ಕೆಲಸವನ್ನು ಅವರು ಎಂದೂ ಒಡೆದವರಲ್ಲ. ಮೊದಲ ಏಟಿಗೆ ಕೈ ತಪ್ಪಿತು. ಎರಡನೆಯದಕ್ಕೆ ಬೆಸುಗೆ ಬಿರುಕು ಬಿಟ್ಟಿತು. "ಸ್ವಲ್ಪ ತಡ್ಕೋ ಮಾರಾಯ್ತಿ, ಆಯ್ತು," ಎಂದು ಪಾತ್ರೆಗೆ ಹೇಳುತ್ತಲೇ ಸುತ್ತಲೂ ಬಡಿದರು. ಸೊಸೆ ಬೂದಿಯನ್ನು ಹತ್ತಿಬಟ್ಟೆಗೆ ಸುರಿದು ಗಂಟು ಕಟ್ಟಿ, ಹೊಲಿಗೆ ಡಬ್ಬಿಯ ಮುಚ್ಚಳ ಹಾಕಿದಳು.

ಮರುದಿನ ಹೆಣ್ಣುಮಗಳು ಹೇಳಿದಂತೆಯೇ ನಡೆದರು. ಮೂರು ಗಂಟೆ ಮುಂಚೆ ತಲುಪಿದರು. ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ಉಳಿ, ಸುತ್ತಿಗೆಯ ಗೊಡವೆ ಇರಲಿಲ್ಲ. ಕಾಗದ ಅಂಗಿಯ ಜೇಬಿನಲ್ಲಿ. ನೀರಿನ ಬಾಟಲಿ ಖಾಲಿ ಮಾಡಿದರು. ಬೀಗದ ಕೈ, ಫೋನು, ಸೊಂಟದ ಬೆಲ್ಟು ಟ್ರೇಗೆ ಹಾಕಿದರು. ಯಾರೂ ಕೇಳುವ ಮುಂಚೆ ತಾವೇ ಬಾಯಿ ಬಿಟ್ಟರು.

"ಇದರಲ್ಲಿ ನನ್ನ ಹೆಂಡತಿಯ ಬೂದಿ ಇದೆ. ಕಾಗದ ಇಲ್ಲಿದೆ."

ಅಧಿಕಾರಿ ಕಾಗದ ಓದಿದರು. ಡಬ್ಬಿಯನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ಟ್ರೇಯಲ್ಲಿಟ್ಟರು. ಅರೆ ನಿಮಿಷಕ್ಕೆ ಅದು ಆಚೆ ಬಂತು. "ನಿಧಾನವಾಗಿ ಹೋಗಿ ಯಜಮಾನ್ರೇ," ಎಂದರು.

ಇಷ್ಟೇನಾ? ಇಷ್ಟಕ್ಕೇನಾ ನಿನ್ನೆ ಒಂದು ದಿನ ಹೋಯಿತು?

ಕಡಲ ತೀರದ ಮನೆಯ ಬಾಗಿಲಲ್ಲೇ ಅಕ್ಕನ ಮಗಳು ಎದುರಾದಳು. "ಚಿಕ್ಕಪ್ಪ, ಅಮ್ಮ ನಿನ್ನೆ ಸಾಯಂಕಾಲದವರೆಗೂ ದಿಂಬಿಗೊರಗಿ ಕೂತಿದ್ರು. ತಂಗಿ ಬರ್ತಾಳೆ, ತಲೆ ಬಾಚು ಅಂದ್ರು. ಬೆಳಿಗ್ಗೆಯಿಂದ ಮಾತು ನಿಂತಿದೆ."

ಯಜಮಾನರು ಹೊಲಿಗೆ ಡಬ್ಬಿಯನ್ನು ಅಕ್ಕನ ಅಂಗೈ ಕೆಳಗಿಟ್ಟರು. ಆ ಕಣ್ಣು ತೆರೆಯಲಿಲ್ಲ. ಬೆರಳುಗಳು ಮಾತ್ರ ಮುಚ್ಚಳದ ಅಂಚನ್ನು ಹುಡುಕಿ, ಹಿಡಿದು, ಹಾಗೇ ನಿಂತವು. ತಂಗಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಏನಿತ್ತೋ, ಅದು ಯಾರಿಗೂ ತಿಳಿಯಲಿಲ್ಲ.

ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಯಜಮಾನರು ಊರಿಗೆ ಮರಳಿದರು. ಈಗ ಅಂಗಡಿಗೆ ಯಾರಾದರೂ ಚಿತಾಭಸ್ಮಕ್ಕೆಂದು ಪಾತ್ರೆ ಕೇಳಿದರೆ ಯಜಮಾನರು ಸುತ್ತಿಗೆ ಕೆಳಗಿಡುತ್ತಾರೆ. "ವಿಮಾನದಲ್ಲಿ ಹೋಗ್ತೀರಾ? ಹಾಗಾದ್ರೆ ನನ್ನ ಪಾತ್ರೆ ಬೇಡಪ್ಪ," ಎನ್ನುತ್ತಾರೆ. ಬೆಸುಗೆ ಬಿಟ್ಟ ಆ ತಾಮ್ರದ ಪಾತ್ರೆ ಅವರ ಹಿಂದಿನ ಕಪಾಟಿನಲ್ಲಿ ಇನ್ನೂ ಇದೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದುಃಖದಲ್ಲಿ ಹೊರಟವರಿಗೆ ನಿಯಮ ನೆನಪಾಗುವುದಿಲ್ಲ. ಹಾಗಾಗಿ ಮನಸ್ಸು ತಿಳಿಯಾಗಿರುವಾಗಲೇ ತಿಳಿದುಕೊಳ್ಳಿ. ಹೊರಡುವ ಮುಂಚೆ ವಿಮಾನದವರಿಗೆ ಒಂದು ಫೋನು ಮಾಡಿ. ನಿಯಮ ಒಂದೊಂದು ಕಡೆ ಒಂದೊಂದು ತರ ಇರುತ್ತದೆ. ಚೂಪಾದದ್ದು, ಕೆಲಸದ ಹತಾರ ಕೈಚೀಲದಲ್ಲಿ ಬೇಡ. ಕಾಗದ ಕೈಗೆಟಕುವಲ್ಲಿರಲಿ. ಒಳಗೇನಿದೆ ಎಂದು ನೀವೇ ಮೊದಲು ಹೇಳಿ. ಗೊತ್ತಿಲ್ಲದಿದ್ದರೆ ನಾಚಿಕೆಪಡದೆ ಕೇಳಿ. ಆಚೆ ದಡದಲ್ಲಿ ನಿಮಗಾಗಿ ಯಾರೋ ತಲೆ ಬಾಚಿಸಿಕೊಂಡು ಕೂತಿರುತ್ತಾರೆ.