ಉಗುರಿನ ಮೇಲಿನ ಬಣ್ಣ

"ತೊಟ್ಟಿಲಿಗೆ ಒರಗಬ್ಯಾಡೋ ಅಮರಪ್ಪ, ಕೆಂಪು ಇನ್ನೂ ಹಸಿ ಐತಿ," ಎಂದು ಪಾರಮ್ಮ ಮೈದುನನ ತೋಳು ಹಿಡಿದೆಳೆದಳು. ಅಷ್ಟರಲ್ಲಿ ಅವನ ಬಿಳಿ ಅಂಗಿಯ ಬೆನ್ನಿಗೆ ಅಂಗೈಯಗಲ ಕೆಂಪು ಹತ್ತಿತ್ತು.

"ಸತ್ತರೂ ಅಣ್ಣ ನನಗ ಬಣ್ಣ ಹಚ್ಚೂದು ಬಿಡಲಿಲ್ಲ," ಎಂದ ಅಮರಪ್ಪ. ಅಳುತ್ತಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು.

ಪಾರಮ್ಮನ ಗಂಡ, ಕಿನ್ನಾಳದ ಚಿತ್ರಗಾರ ಮುದಿಯಪ್ಪನನ್ನು ಮೀಯಿಸಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಎದುರಿಗೆ ಅವನು ಬಣ್ಣ ಹಚ್ಚಿದ ಕೊನೆಯ ತೊಟ್ಟಿಲು. ತಲೆದಿಂಬಿನ ಕಡೆಯ ಗಿಳಿಗೆ ಕಣ್ಣೊಂದು ಬಾಕಿ.

"ಲಡಾಯಿ ಸುರು ಆದಾಗ ಈ ತೊಟ್ಟಿಲು ಮಾಡಾಕ ಹೇಳಿದ್ದೆ," ಎಂದರು ಕೊಪ್ಪಳದಿಂದ ಬಂಡಿ ಕಟ್ಟಿಕೊಂಡು ಬಂದಿದ್ದ ನಜೀರಸಾಬರು. "ಲಡಾಯಿ ಮುಗೀತು, ತೊಟ್ಟಿಲು ಮುಗೀಲಿಲ್ಲ. ನಾಳೆ ಮೂರನೇ ಮೊಮ್ಮಗಳಿಗೆ ಹೆಸರಿಡೂದೈತಿ. ಕಣ್ಣಿಲ್ಲದಿದ್ರೂ ಒಯ್ತೀನಿ ಬಿಡ್ರಿ."

"ಸೂತಕದಾಗ ಕಣ್ಣು ಬರಿಯಾಕ ಬರೂದಿಲ್ರಿ," ಎಂದ ಅಮರಪ್ಪ.

ಪಾರಮ್ಮ ಗಿಳಿಯನ್ನೇ ನೋಡುತ್ತಿದ್ದಳು. ಈ ಮನೆಯಿಂದ ಅರೆಬರೆ ಕೆಲಸ ಒಂದೂ ಹೊಸ್ತಿಲು ದಾಟಿರಲಿಲ್ಲ.

*

ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು. "ಬಿಳಿ ಆತು, ಮ್ಯಾಲ ಹಳದಿ, ಅದರ ಮ್ಯಾಲ ಕೆಂಪು. ಒಳಗಿನ ಹಳದಿ ಯಾರಿಗೆ ಕಾಣತೈತ್ರಿ?"

"ಕೆಂಪಿಗೆ ಗೊತ್ತಾಗತೈತಿ," ಎಂದಿದ್ದ ಮುದಿಯಪ್ಪ.

ಪ್ರತಿ ಬಣ್ಣವನ್ನೂ ಮೊದಲು ಎಡಗೈ ಹೆಬ್ಬೆರಳ ಉಗುರಿಗೆ ಹಚ್ಚಿ ನೋಡುತ್ತಿದ್ದ. ಅಲ್ಲಿ ಒಪ್ಪಿದ ಮೇಲೆ ಮರಕ್ಕೆ. ಸಂಜೆ ಅವಳು ಕೆರೆದರೆ ಉಳ್ಳಾಗಡ್ಡಿ ಸಿಪ್ಪೆಯಂತೆ ಪದರ ಪದರ ಏಳುತ್ತಿತ್ತು. ಇತ್ತೀಚೆಗೆ ಕಣ್ಣು ಮಂಜಾಗಿ, ಹೆಬ್ಬೆರಳನ್ನು ಅವಳ ಮುಂದೆ ಹಿಡಿಯುತ್ತಿದ್ದ. ಅವಳು ತಲೆಯಾಡಿಸಿದರೆ ಮಾತ್ರ ಕುಂಚ ಎತ್ತುತ್ತಿದ್ದ.

*

ಪಾರಮ್ಮ ಎದ್ದು ಚಿಪ್ಪಿನಲ್ಲಿ ಕಪ್ಪು ಕಲಸಿದಳು.

"ಅತ್ತಿಗೆವ್ವ, ಸೂತಕ..."

"ಮಣ್ಣಾದ ಮ್ಯಾಲ ಹಿಡೀತೀನಪ್ಪ. ಇನ್ನೂ ಮನ್ಯಾಗ ಅದಾರ ಅವರು."

ಅಮರಪ್ಪ ನಜೀರಸಾಬರ ಮುಖ ನೋಡಿದ. ಅವರು, "ಬರೀಲಿ ಬಿಡೋ. ಇನ್ನ ತಡ ಆದ್ರ ಕೂಸು ನಡಕೋತ ಬರತೈತಿ," ಎಂದರು.

ಅವಳು ಗಂಡನ ತಣ್ಣಗಿನ ಹೆಬ್ಬೆರಳೆತ್ತಿ ಉಗುರಿಗೊಂದು ಚುಕ್ಕೆ ಇಟ್ಟಳು. ತೆಳುವಾಗಿತ್ತು. ಒರೆಸಿ, ಒಂದು ಹನಿ ಅಂಟು ಬೆರೆಸಿ ಮತ್ತೆ ಇಟ್ಟಳು. ತಲೆಯಾಡಿಸಿದಳು. ಆಮೇಲೆ ಉಸಿರು ಬಿಗಿಹಿಡಿದು ಗಿಳಿಗೆ ಕಣ್ಣು ಬರೆದಳು.

ಭಜನೆಯವರು ತಾಳ ತಟ್ಟಿದರು. ಮುದಿಯಪ್ಪನನ್ನು ಎತ್ತುವಾಗ ಯಾರೋ ಅವನ ಕೈಮೇಲೆ ಶಾಲು ಎಳೆಯಲು ಹೋದರು.

"ಮುಚ್ಚಬ್ಯಾಡ್ರಿ," ಎಂದಳು ಪಾರಮ್ಮ, "ಒಣಗಲಿ."

ಮುಂದೆ ಅಮರಪ್ಪನ ಕೆಂಪು ಬೆನ್ನು ನಡೆಯಿತು. ಹಿಂದೆ, ಶಾಲಿನ ಹೊರಗಿದ್ದ ಹೆಬ್ಬೆರಳ ಮೇಲೆ ಹಸಿ ಕಪ್ಪು ಚುಕ್ಕೆ ಬಿಸಿಲಿಗೆ ಮಿನುಗುತ್ತ ಹೋಯಿತು.